ಕೊಳ್ಳಿದೆವ್ವದ ಒಗಟು ಬಿಡಿಸಿದಂತಾಯಿತೇ?

ಪರ: ಉತ್ತರ ಕೆಸರಿನಲ್ಲಿಯೇ ಇದೆ
(ಶಹಾಪುರ ತಾಲ್ಲೂಕಿನ ವಿಜ್ಞಾನ ಶಿಕ್ಷಕರೊಬ್ಬರು)

ರಾತ್ರಿ ಹೊಲಗಳಲ್ಲಿ ತಾನಾಗಿ ಕಾಣುವ, ಜನ ಕೊಳ್ಳಿದೆವ್ವ ಎನ್ನುವ ಬೆಳಕಿನ ಒಗಟು ಬಿಡಿಸಿಯಾಗಿದೆ ಎಂಬುದು ನನ್ನ ದೃಢ ನಂಬಿಕೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನಮ್ಮ ಕಡೆಯ ಅನೇಕ ತಗ್ಗು ಹೊಲಗಳು ನೀರು ನಿಂತು ಜವಳು ಹಿಡಿದಿವೆ. ರಾತ್ರಿ ಅಲ್ಲಿ ಕೊಳ್ಳಿದೆವ್ವ ಓಡಾಡುತ್ತದೆ ಎಂದು ಜನ ಹೆದರುತ್ತಿದ್ದ ಒಂದು ಹೊಲಕ್ಕೆ ಹಗಲಿನಲ್ಲಿ ನನ್ನ ವಿದ್ಯಾರ್ಥಿಗಳನ್ನು ಕರೆದೊಯ್ದಿದ್ದೆ. ನೀರು ತುಂಬಿದ ಬಾಟಲಿಯನ್ನು ಬೋರಲಾಗಿ ಮುಳುಗಿಸಿ, ಅದರ ಬಾಯಿಗೆ ಆಲಿಕೆ ಸಿಕ್ಕಿಸಿ, ಕೋಲಿನಿಂದ ಕೆಸರನ್ನು ಕಲಕಿದೆವು. ಗುಳುಗುಳು ಎಂದು ಎದ್ದ ಗುಳ್ಳೆಗಳು ಬಾಟಲಿಯ ನೀರನ್ನು ಕೆಳಗೆ ತಳ್ಳಿದವು. ಅದನ್ನು ದಂಡೆಗೆ ತಂದು ಕಡ್ಡಿ ಗೀರಿ ಹಿಡಿದಾಗ ಕ್ಷಣಮಾತ್ರ ನೀಲಿ ಜ್ವಾಲೆ ಕಂಡಿತು. 1776ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಮಜ್ಜೋರೆ ಸರೋವರದ ಅಂಚಿನ ಕೆಸರನ್ನು ಕಲಕಿ ಸಂಗ್ರಹಿಸಿದ್ದೂ ಇದೇ ಅನಿಲವನ್ನು. ಅದರ ಹೆಸರು ಮೀಥೇನ್. ಹಿತ್ತಲಿನ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಅದೇ. ಗಾಳಿಯಾಡದ ಕೆಸರಿನಲ್ಲಿ ಹುಲ್ಲು, ಎಲೆ, ಸತ್ತ ಜೀವಿಗಳು ಕೊಳೆಯುವಾಗ ಸೂಕ್ಷ್ಮಜೀವಿಗಳು ಅದನ್ನು ಹುಟ್ಟಿಸುತ್ತವೆ.

ರಾತ್ರಿ ಅಲ್ಲಿ ಕಡ್ಡಿ ಗೀರುವವರು ಯಾರು ಎಂದು ಕೇಳುವವರಿದ್ದಾರೆ. ಮೀಥೇನ್ ತಾನಾಗಿಯೇ ಹೊತ್ತಿಕೊಳ್ಳಲು ಸುಮಾರು 540 ಡಿಗ್ರಿ ಸೆಲ್ಸಿಯಸ್ ಶಾಖ ಬೇಕೆಂಬುದು ನಿಜ. ಗಾಳಿ ಸೋಕಿದೊಡನೆ ಉರಿಯುವ ಡೈಫಾಸ್ಫೇನ್ ಎಂಬ ರಂಜಕದ (ಫಾಸ್ಫರಸ್) ಸಂಯುಕ್ತ ಅದಕ್ಕೆ ಕಿಡಿ ಹಚ್ಚುತ್ತದೆ ಎಂಬುದು ಹಳೆಯ ವಿವರಣೆ. 2025ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಝೇರ್ ಅವರ ತಂಡವು ನೀರಿನಲ್ಲಿ ಏಳುವ ಮೀಥೇನ್ ಗುಳ್ಳೆಗಳ ನಡುವೆ ಅತಿ ಸಣ್ಣ ಮಿಂಚುಗಳು ಹಾಯುವುದನ್ನು ತೋರಿಸಿತು. ಇದಕ್ಕಿಂತ ಇನ್ನೇನು ಬೇಕು? ಬೆಳಕು ನಮ್ಮನ್ನು ಅಟ್ಟಿಸಿಕೊಂಡು ಬಂದಿತು ಎನ್ನುವವರು ಆ ರಾತ್ರಿ ಎಷ್ಟು ಸೇಂದಿ ಇಳಿಸಿದ್ದರೆಂಬುದನ್ನೂ ಹೇಳಿದರೆ ಒಳ್ಳೆಯದು. ಕೆಸರಿದ್ದಲ್ಲಿ ಅನಿಲ, ಅನಿಲವಿದ್ದಲ್ಲಿ ಬೆಳಕು. ಇದನ್ನು ನನ್ನ ಏಳನೆಯ ತರಗತಿಯ ಮಕ್ಕಳೂ ಒಪ್ಪಿದ್ದಾರೆ.

ವಿರೋಧ: ಒಣನೆಲದಲ್ಲಿ ಕಂಡದ್ದು
(ಅಫಜಲಪುರ ತಾಲ್ಲೂಕಿನ ನಿವೃತ್ತ ಗುಮಾಸ್ತರೊಬ್ಬರು)

ದೆವ್ವದ ಪರವಾಗಿ ವಕಾಲತ್ತು ವಹಿಸುವ ಆಸೆ ನನಗಿಲ್ಲ. ವಿರೋಧಕ್ಕೆ ಒಬ್ಬರು ಬೇಕೆಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಬಾಟಲಿಯಲ್ಲಿ ಹಿಡಿದು ಕಡ್ಡಿ ಗೀರಿದರೆ ಅಡುಗೆಮನೆಯ ಸಿಲಿಂಡರಿನ ಗ್ಯಾಸೂ ಉರಿಯುತ್ತದೆ. ಬಂಗಾಳದ ಮೀನುಗಾರರು ‘ಆಲೇಯಾ’ ಎಂದೂ ಕಚ್ಛದ ಬನ್ನಿ ಹುಲ್ಲುಗಾವಲಿನವರು ‘ಚಿರ್ ಬತ್ತಿ’ ಎಂದೂ ಕರೆಯುವ ಬೆಳಕು ನಿಲ್ಲುತ್ತದೆ, ಸರಿಯುತ್ತದೆ, ಹಿಂದೆ ಬರುತ್ತದೆ ಎನ್ನುತ್ತಾರೆ. ಪ್ರಯೋಗಾಲಯದ ಮಿಂಚಿನ ವಿಚಾರವನ್ನು ತಿಳಿದವರು ಚರ್ಚಿಸಲಿ. ನಾನು ಕಂಡದ್ದನ್ನಷ್ಟೇ ಹೇಳಬಲ್ಲೆ.

1978ರ ಎಳ್ಳಮಾಸಿಯ ರಾತ್ರಿ. ಹಂದಿಗಳ ಕಾಟವಿದ್ದುದರಿಂದ ಕಾಕಾ ಮತ್ತು ನಾನು ಬಿಳಿಜೋಳ ಕಾಯಲು ಹೊಲದಲ್ಲಿಯೇ ಉಳಿದಿದ್ದೆವು. ಭೀಮಾ ಹೊಳೆ ಅಲ್ಲಿಂದ ಎರಡು ಹರದಾರಿ ದೂರ. ಎರೆನೆಲ ಬೆರಳು ಇಳಿಯುವಷ್ಟು ಬಿರಿದಿತ್ತು, ಕೆಸರು ಸುತ್ತೆಲ್ಲೂ ಇರಲಿಲ್ಲ. ನಡುರಾತ್ರಿ ಬದುವಿನ ಮೇಲೆ ಆಳೆತ್ತರದಲ್ಲಿ ಹಣತೆಯಷ್ಟು ಬೆಳಕು ಕಂಡಿತು. ತುಸು ಹೊತ್ತು ನಿಂತು, ಜಾಲಿಗಿಡದ ಕಡೆಗೆ ಸರಿದು ಆರಿಹೋಯಿತು. ಯಾರದು ಎಂದು ಕೂಗಲು ನಾನು ಬಾಯಿ ತೆರೆದಾಗ ಕಾಕಾ ತೋಳು ಹಿಡಿದು “ಕರೀಬ್ಯಾಡ, ಸುಮ್ಮ ಕೂಡು” ಎಂದರು. ಯಾರೋ ಕಂದೀಲು ಹಿಡಿದು ಹೋಗಿರಬಹುದು ಎಂದು ಈಗ ನನಗೂ ಅನ್ನಿಸುವುದುಂಟು. ಆದರೆ ಬೆಳಗ್ಗೆ ಕಾಕಾ ಬದುವಿನುದ್ದಕ್ಕೂ ಬಗ್ಗಿ ಹೆಜ್ಜೆ ಹುಡುಕಿದರು. ಕಂಡದ್ದು ನಮ್ಮ ಎತ್ತಿನ ಗೊರಸಿನ ಗುರುತು ಮಾತ್ರ. ಹಿಂದಿನ ದಿನ ಹೊಲಕ್ಕೆಲ್ಲ ಚರಗ ಚೆಲ್ಲಿ, ಭೂಮಿತಾಯಿಗೆ ಎಡೆ ಕೊಟ್ಟು ಮುಗಿದಿತ್ತು. ಆದರೂ ಬುಟ್ಟಿಯಲ್ಲಿ ಉಳಿದಿದ್ದ ಒಂದು ಕಡುಬನ್ನು ಮುರಿದು ಅವರು ಜಾಲಿಗಿಡದ ಬುಡಕ್ಕೆ ಹಾಕಿ ಬಂದರು.