ಲದ್ದಿ ಎತ್ತಿದವರು ಯಾರು?

ಕಳೆದ ತಿಂಗಳು ಒಂದು ವಿಮಾನ ನಿಲ್ದಾಣದಲ್ಲಿ ನನ್ನ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಕಸಿದುಕೊಂಡರು. ಅದು ದ್ರವವಂತೆ. ಮಿಡಿ ದ್ರವವೇ ಸ್ವಾಮಿ? 'ಮಿಡಿ ಅಲ್ಲ ಸಾರ್, ಅದರ ರಸ' ಅಂದ ತಪಾಸಣೆಯ ಹುಡುಗ. ಅಕ್ಕ ಶಿರಸಿಯಿಂದ ಹಳೇ ಪಂಚೆಯಲ್ಲಿ ಸುತ್ತಿ ಕಳಿಸಿದ್ದು. ಬುಟ್ಟಿಗೆ ಬಿದ್ದ ಶಬ್ದ ಇನ್ನೂ ಕಿವಿಯಲ್ಲಿದೆ.

ಅವತ್ತಿನಿಂದ ನನಗೆ ಎಡ್ವರ್ಡನ ಮೇಲೆ ಹೊಟ್ಟೆಕಿಚ್ಚು. ವಿಕ್ಟೋರಿಯಾ ರಾಣಿಯ ಹಿರಿಮಗ, ಮುಂದೆ ಏಳನೇ ಎಡ್ವರ್ಡ್ ಆದವನು. 1875ರ ನವೆಂಬರಿನಲ್ಲಿ ಮುಂಬಯಿಯಲ್ಲಿ ಇಳಿದ. ದೇಶ ಸುತ್ತಿ, ನೇಪಾಳದ ತರಾಯಿಯಲ್ಲಿ ಹುಲಿ ಹೊಡೆದು, ಮಾರ್ಚ್‌ನಲ್ಲಿ ಸೆರಾಪಿಸ್ ಹಡಗು ಹತ್ತಿದ. ಹೊಡೆದದ್ದು ಸಾಲದು ಅಂತ ಬದುಕಿದ್ದ ಹುಲಿಗಳನ್ನೂ ಸಾಗಿಸಿದರು. ಜೊತೆಗೆ ಚಿರತೆ, ಆನೆ. 'ಬ್ಯಾಗ್ ಬಿಚ್ಚಿ' ಅಂತ ಒಬ್ಬನೂ ಕೇಳಲಿಲ್ಲ.

ಇರಲಿ. ನನ್ನ ತಲೆ ತಿನ್ನುವುದು ಬೇರೆ ವಿಷಯ. ಹಡಗು ಪೋರ್ಟ್ಸ್‌ಮತ್ ಸೇರಿದ್ದು 1876ರ ಮೇ ತಿಂಗಳಲ್ಲಿ. ಹತ್ತಿರ ಹತ್ತಿರ ಎರಡು ತಿಂಗಳು. ಬೆಳೆದ ಆನೆ ದಿನಕ್ಕೆ ನೂರು ಕಿಲೋ ಲದ್ದಿ ಹಾಕುತ್ತದೆ. ಮರಿಯಾದರೆ ಕಮ್ಮಿ, ಒಪ್ಪಿದೆ. ಆದರೂ ಗುಣಿಸಿ ನೋಡಿ.

ನನಗೆ ಈ ಲೆಕ್ಕ ಗೊತ್ತು. ಹತ್ತು ವರ್ಷದವನಿದ್ದಾಗ ಬೇಸಿಗೆ ರಜೆಯಲ್ಲಿ ಅಜ್ಜಿ ಕೊಟ್ಟಿಗೆಯ ಕೆಲಸ ನನಗೆ ಹಚ್ಚಿದ್ದಳು. ಒಂದೇ ಎಮ್ಮೆ. ಬಿದಿರು ಬುಟ್ಟಿ ಹಿಡಿದು ಬಗ್ಗಿದರೆ ಸರಿಯಾಗಿ ಆಗಲೇ ಅದು ಬಾಲ ಬೀಸಬೇಕು. ಒದ್ದೆ ಬಾಲ. ಕೆನ್ನೆಗೆ ಬಿದ್ದರೆ ಮೇಷ್ಟ್ರ ಏಟು ವಾಸಿ. ಬಾಚಿ, ನೀರು ಹೊಯ್ದು, ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಹಿಂದೆ ಮತ್ತೆ ಪಚಕ್! 'ಅದಕ್ಕೇನು ಗಡಿಯಾರ ಗೊತ್ತಾ?' ಅಂತ ಅಜ್ಜಿ ನಗುತ್ತಿದ್ದಳು. ಅಂಗೈಯ ವಾಸನೆ ಎಷ್ಟು ಸೀಗೆಪುಡಿ ಉಜ್ಜಿದರೂ ಹೋಗುತ್ತಿರಲಿಲ್ಲ. ಅದು ಅಲುಗಾಡದ ನೆಲದ ಮೇಲೆ! ಇಲ್ಲಿ ಸಮುದ್ರ, ತೂಗುವ ಹಡಗು, ಮೇಲೆ ಆನೆ.

ಪ್ರಾಣಿಗಳ ಉಸ್ತುವಾರಿಗೆ ಕ್ಲಾರೆನ್ಸ್ ಬಾರ್ಟ್ಲೆಟ್ ಇದ್ದ. ಅಪ್ಪ ಲಂಡನ್ ಮೃಗಾಲಯದ ಮುಖ್ಯಸ್ಥ. ಅಂಥವನು ಪೊರಕೆ ಹಿಡಿದಿರುತ್ತಾನಾ? ಸುಮ್ನೆ ಕೇಳಿದೆ. ರಾಜಕುಮಾರನಂತೂ ಕೈರೋ, ಮಾಲ್ಟಾ, ಜಿಬ್ರಾಲ್ಟರ್ ಅಂತ ನಡುನಡುವೆ ಇಳಿದು ಔತಣ ಉಣ್ಣುತ್ತಿದ್ದ.

ಪ್ರಾಣಿಗಳು ಲಂಡನ್ ಮೃಗಾಲಯಕ್ಕೆ ಹೋದವು. ಉಡುಗೊರೆ ಬಂದ ಕತ್ತಿ, ಒಡವೆಗಳನ್ನು ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟರು. ಒಂದು ಪೊರಕೆಯನ್ನೂ ಇಡಬಹುದಿತ್ತು, ಅಲ್ವಾ?

ಅಕ್ಕ ನಿನ್ನೆ ಫೋನ್ ಮಾಡಿದ್ದಳು. 'ಮಿಡಿ ಹೇಗಿತ್ತೋ?' ಅಂದಳು. ಚೆನ್ನಾಗಿತ್ತು ಅಂದೆ.