ವೈಫೈ ಡ್ರೈವರ್ ಹಾಕೋಕೆ ಮೊದ್ಲು ವೈಫೈ ಬೇಕಂತೆ!!

ಹಳೇ ಲ್ಯಾಪ್‌ಟಾಪಾ, ವಿಂಡೋಸ್ ತೆಗೆದು ಲಿನಕ್ಸ್ ಹಾಕ್ಬಿಡಿ, ಅರ್ಧ ಗಂಟೆ ಕೆಲ್ಸ, ಹೊಸದರ ಥರ ಓಡುತ್ತೆ ಅಂತ ಪುಕ್ಕಟೆ ಸಲಹೆ ಕೊಡೋರೆಲ್ಲ ಒಂದ್ಸಲ ಇಲ್ಲಿ ಬನ್ನಿ ಸ್ವಾಮಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ಮುಗೀತು, 11 ಹಾಕೋಣ ಅಂದ್ರೆ ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ಚಿಪ್ ಇಲ್ಲ, ಪ್ರೊಸೆಸರ್ ಹಳೇದು, ಆಗಲ್ಲ ಅಂತು, ಸರಿ ಇನ್ನೇನ್ ಮಾಡೋದು ಅಂತ ನಿಮ್ಮ ಮಾತು ಕೇಳಿ ಪೆನ್‌ಡ್ರೈವ್ ರೆಡಿ ಮಾಡ್ಕೊಂಡು ಕೂತೆ.

ಇನ್‌ಸ್ಟಾಲ್ ಏನೋ ನೀಟಾಗೇ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ವೈಫೈ ಎಲ್ಲಿ? ನೆಟ್‌ವರ್ಕ್ ಮೆನು ತೆಗೆದ್ರೆ ಆನ್ ಮಾಡೋ ಬಟನ್ನೇ ಇಲ್ಲ. ವೈಫೈ ಚಿಪ್ಪನ್ನ ಓಡ್ಸೋ ಸಾಫ್ಟ್‌ವೇರು, ಅದೇ ಡ್ರೈವರು, ಇಲ್ವಂತೆ. ಯಾರನ್ನ ಕೇಳಿದ್ರೂ ಒಂದೇ ಮಂತ್ರ, ಕಮಾಂಡ್ ಟೈಪ್ ಮಾಡೋ ಟರ್ಮಿನಲ್ ಓಪನ್ ಮಾಡಿ ಸುಡೋ ಆಪ್ಟ್ ಇನ್‌ಸ್ಟಾಲ್ ಹೊಡೀರಿ. ಅಲ್ರೀ, ಆ ಕಮಾಂಡು ಪ್ಯಾಕೇಜ್ ತರೋದು ಎಲ್ಲಿಂದ, ಇಂಟರ್ನೆಟ್ಟಿಂದ ತಾನೇ?? ಲ್ಯಾನ್ ಕೇಬಲ್ ಹಾಕಿ ಅಂತಾರೆ, ಈ ತೆಳ್ಳಗಿನ ಲ್ಯಾಪ್‌ಟಾಪಲ್ಲಿ ಲ್ಯಾನ್ ಪೋರ್ಟೇ ಇಲ್ವಲ್ಲ! ಇನ್ನೊಬ್ಬ ಮಹಾಶಯ ಬಂದು ಡೆಬಿಯನ್ ಅನ್ನೋ ಲಿನಕ್ಸಲ್ಲಿ 12ನೇ ಆವೃತ್ತಿಯಿಂದ ಫರ್ಮ್‌ವೇರ್ ಎಲ್ಲ ಇನ್‌ಸ್ಟಾಲರಲ್ಲೇ ಬರುತ್ತಲ್ಲ ಅಂತ ಪಾಠ ಮಾಡ್ದ. ಅಯ್ಯಾ ಅದು ಚಿಪ್ಪೊಳಗೆ ಓಡೋ ಫರ್ಮ್‌ವೇರು, ನನ್ನ ಚಿಪ್ಪಿಗೆ ಬೇಕಿರೋದು ಅದನ್ನ ಮಾಡಿದ ಕಂಪನಿಯವರ ಕ್ಲೋಸ್ಡ್ (ಕೋಡ್ ಬಿಟ್ಟುಕೊಡದ) ಡ್ರೈವರು, ಅದು ಇರೋ ಕರ್ನಲ್‌ಗೆ (ಲಿನಕ್ಸಿನ ತಿರುಳು) ತಕ್ಕಂಗೆ ಇಲ್ಲೇ ಕಂಪೈಲ್ ಆಗಿ ತಯಾರಾಗ್ಬೇಕು. ಕೊನೆಗೆ ಫೋನನ್ನ ಕೇಬಲ್‌ಗೆ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದ್ರೆ ತಟ್ಟಂತ ನೆಟ್ ಬಂತು. ಈ ಒಂದು ಸಾಲು ಮೊದಲೇ ಹೇಳೋಕೆ ನಿಮಗೇನ್ರೀ ರೋಗ?

ಮುಗೀತಾ? ಎಲ್ಲಿ. ಡ್ರೈವರ್ ಹಾಕ್ತಾ ಇದ್ದಂಗೆ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ಡ್ರೈವರನ್ನ ತಡೆಯೋ ಕಾವಲು) ಆನ್ ಇದೆ, ಒಂದು ಪಾಸ್‌ವರ್ಡ್ ಇಡು ಅಂತು, ಇಟ್ಟೆ, ಯಾಕೆ ಏನು ಅಂತ ಒಂದಕ್ಷರ ವಿವರಣೆ ಇಲ್ಲ. ರೀಸ್ಟಾರ್ಟ್ ಆದ್ರೆ ಒಂದು ನೀಲಿ ಸ್ಕ್ರೀನು, ಹತ್ತು ಸೆಕೆಂಡ್ ಕೌಂಟ್‌ಡೌನು, ಅಷ್ಟರಲ್ಲಿ ಕೀ ಒತ್ತಿ 'ಎನ್‌ರೋಲ್ ಮಾಕ್', ಅಂದ್ರೆ ಈ ಡ್ರೈವರಿನ ಸಹಿಯನ್ನ ನಂಬು, ಅನ್ನೋದನ್ನ ಆರಿಸಿ ಅದೇ ಪಾಸ್‌ವರ್ಡ್ ಕೊಡ್ಬೇಕಂತೆ. ನೀಲಿ ಸ್ಕ್ರೀನ್ ಕಂಡ್ರೆ ವಿಂಡೋಸ್ ಕಾಲದಿಂದ್ಲೂ ಎದೆ ಧಸಕ್ ಅನ್ನುತ್ತೆ, ಏನಪ್ಪಾ ಇದು ಅಂತ ಓದೋಷ್ಟರಲ್ಲಿ ಮಾಯ! ಡ್ರೈವರ್ ಇದೆ, ಲೋಡ್ ಆಗಲ್ಲ, ಎರರ್ ಕೂಡ ತೋರ್ಸಲ್ಲ. ಮತ್ತೆ ಮೊದಲಿಂದ ಎಲ್ಲಾ.

ಈಗ ವೈಫೈ ಬಂದಿದೆ. ಹೊಸ ಕರ್ನಲ್ ಬಂದಿದೆ, ಹಾಕ್ಲಾ ಅಂತ ಅಪ್‌ಡೇಟ್ ಮ್ಯಾನೇಜರ್ ಕೇಳ್ತಿದೆ. ಹೊಸ ಕರ್ನಲ್ ಮೇಲೆ ಈ ಡ್ರೈವರ್ ಕಂಪೈಲ್ ಆಗ್ದೆ ಕೈ ಕೊಡೋದು ಮಾಮೂಲಂತೆ. ಅದನ್ನೂ ಈಗ ಹೇಳ್ತಾರೆ ನೋಡಿ ಪುಣ್ಯಾತ್ಮರು!