ರೆಕಾರ್ಡಿಂಗ್ ಇದೆಯಲ್ಲ, ಆಮೇಲೆ ನೋಡಿದರಾಯ್ತು

ನಾನು ಡಿಗ್ರಿ ಮಕ್ಕಳಿಗೆ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುತ್ತೇನೆ. ಪ್ರತಿ ವರ್ಷ ಒಂದು ಜಾಗಕ್ಕೆ ಬಂದಾಗ ಕ್ಲಾಸಿನಲ್ಲಿ ಕೆಲವರ ಪೆನ್ನು ನಿಲ್ಲುತ್ತದೆ. ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಅಳೆಯುವ ಸೂತ್ರ ಬರೆದು, ಕೆಳಗೆ ಎನ್ (ಒಟ್ಟು ಎಷ್ಟು ಸಂಖ್ಯೆಗಳಿವೆ ಅನ್ನುವುದು) ಬರುತ್ತದೆ ಅಂತ ಅವರು ಅಂದುಕೊಂಡಲ್ಲಿ ಎನ್ ಮೈನಸ್ 1 ಅಂತ ಹಾಕಿದಾಗ. ಅಲ್ಲಿವರೆಗೆ ಸರಸರ ಬರೆಯುತ್ತಿದ್ದವರಲ್ಲಿ ಮೂರ್ನಾಲ್ಕು ಜನ ತಲೆ ಎತ್ತುತ್ತಾರೆ. ಯಾರೂ ಕೈ ಎತ್ತುವುದಿಲ್ಲ, ಪ್ರಶ್ನೆ ಕೇಳುವುದೂ ಇಲ್ಲ, ಪಕ್ಕದವರ ನೋಟ್ಸ್ ಕಡೆ ಒಂದು ಸಲ ಇಣುಕುತ್ತಾರೆ ಅಷ್ಟೇ.

ನನಗೆ ಅಷ್ಟು ಸಾಕು. ಪಾಠ ಅಲ್ಲಿಗೇ ನಿಲ್ಲಿಸುತ್ತೇನೆ. ಐದು ಸಂಖ್ಯೆಗಳಿವೆ ಅಂದುಕೊಳ್ಳಿ, ಮೊದಲ ನಾಲ್ಕು ಸರಾಸರಿಯಿಂದ ಇಷ್ಟಿಷ್ಟು ದೂರ ಇವೆ ಅಂತ ಬೋರ್ಡ್ ಮೇಲೆ ಬರೆಯುತ್ತೇನೆ: ಮೈನಸ್ 3, 1, 2, ಮೈನಸ್ 1. ಐದನೆಯದು ಎಷ್ಟು, ನೀವೇ ಹೇಳಿ ಅನ್ನುತ್ತೇನೆ. ಸರಾಸರಿಯಿಂದ ಇರುವ ದೂರಗಳನ್ನೆಲ್ಲ ಕೂಡಿದರೆ ಸೊನ್ನೆ ಬರಲೇಬೇಕು, ಅಲ್ವಾ? ಹಾಗಾದರೆ ಐದನೆಯದು 1 ಆಗಲೇಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಸಂಖ್ಯೆ ಐದಿದ್ದರೂ ತಮ್ಮಿಷ್ಟದಂತೆ ಇರಬಲ್ಲವು ನಾಲ್ಕೇ. ಅದಕ್ಕೇ ಎನ್ ಮೈನಸ್ 1. ನಿಂತಿದ್ದ ಪೆನ್ನುಗಳು ಮತ್ತೆ ಓಡುತ್ತವೆ.

ಇದೇ ಪಾಠವನ್ನು ಆನ್‌ಲೈನ್‌ನಲ್ಲೂ ಮಾಡಿದ್ದೇನೆ. ಎದುರಿಗೆ ಕಪ್ಪು ಚೌಕಗಳು, ಒಂದೊಂದರಲ್ಲಿ ಒಂದೊಂದು ಹೆಸರು. "ಅರ್ಥ ಆಯ್ತಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಚಾಟ್‌ನಲ್ಲಿ ಒಬ್ಬರು "ಎಸ್ ಸರ್" ಅಂತ ಹಾಕಿದರು, ಅದರ ಹಿಂದೆಯೇ ಸಾಲಾಗಿ ಹತ್ತು "ಎಸ್ ಸರ್". ನಾನು ಮುಂದಿನ ಸ್ಲೈಡಿಗೆ ಹೋದೆ. ಟೆಸ್ಟ್‌ನಲ್ಲಿ, ಎನ್ ಮೈನಸ್ 1 ಯಾಕೆ ಅಂತ ಕೇಳಿದ್ದಕ್ಕೆ ಜಾಸ್ತಿ ಜನ ಬರೆದ ಉತ್ತರ, "ಸೂತ್ರದಲ್ಲಿ ಹಾಗಿದೆ". ಆ ಪೇಪರ್‌ಗಳನ್ನು ತಿದ್ದುವಾಗ ತುಂಬಾ ಬೇಜಾರಾಯಿತು. ಆ ಮಕ್ಕಳು ದಡ್ಡರಲ್ಲ. ಐದು ಸಂಖ್ಯೆಯ ಲೆಕ್ಕ ನಾನು ಅವತ್ತು ಮಾಡಲೇ ಇಲ್ಲ, ಯಾಕಂದರೆ ಅದು ಬೇಕಾಗಿದೆ ಅಂತ ನನಗೆ ಗೊತ್ತಾಗಲೇ ಇಲ್ಲ. ಎಷ್ಟು ಪೆನ್ನು ನಿಂತವೋ, ನನಗೆ ಒಂದೂ ಕಾಣಲಿಲ್ಲ.

ಆನ್‌ಲೈನ್ ಪಾಠ ಅಂದ ತಕ್ಷಣ ಎಲ್ಲರೂ 2020 ಅನ್ನು ನೆನೆಯುತ್ತಾರೆ. ಅವತ್ತು ನಡೆದದ್ದು ತುರ್ತು ಏರ್ಪಾಡು. ಯುನೆಸ್ಕೋ ಲೆಕ್ಕದ ಪ್ರಕಾರ 190ಕ್ಕೂ ಜಾಸ್ತಿ ದೇಶಗಳಲ್ಲಿ ಶಾಲೆ ಕಾಲೇಜು ಮುಚ್ಚಿದ್ದವು, 150 ಕೋಟಿಗೂ ಹೆಚ್ಚು ಮಕ್ಕಳು ಮನೆಯಲ್ಲಿದ್ದರು. ಕೈಗೆ ಸಿಕ್ಕಿದ್ದರಲ್ಲಿ ಪಾಠ ಮಾಡಿದೆವು. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಆದರೆ ದೂರದಿಂದ ಕಲಿಸುವುದು ಆಗ ಹುಟ್ಟಿದ ವಿದ್ಯೆಯೇನಲ್ಲ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರಲ್ಲೇ ಟಿವಿ, ರೇಡಿಯೋ ಮೂಲಕ ಪಾಠ ಶುರು ಮಾಡಿತ್ತು. ಆದರೆ ಅಲ್ಲಿ ಟಿವಿ ಒಂದು ಭಾಗ ಮಾತ್ರ. ಅಂಚೆಯಲ್ಲಿ ಪುಸ್ತಕ ಬರುತ್ತಿತ್ತು, ಅಸೈನ್‌ಮೆಂಟ್ ಬರೆದು ಕಳಿಸಬೇಕಿತ್ತು, ಅದನ್ನು ತಿದ್ದಿ ಎಲ್ಲಿ ತಪ್ಪಾಗಿದೆ ಅಂತ ಹೇಳಲು ಒಬ್ಬ ಟ್ಯೂಟರ್ ಇರುತ್ತಿದ್ದರು. ಪರದೆ ನೋಡಿಬಿಟ್ಟರೆ ಓದು ಮುಗಿಯಿತು ಅಂತ ಅವರು ಅಂದುಕೊಂಡಿರಲಿಲ್ಲ. ನಾವು ಹಾಗೆ ಅಂದುಕೊಂಡಿದ್ದೇವೆ ಅನ್ನುವುದೇ ನನ್ನ ಸಂಕಟ.

ಮಕ್ಕಳಿಗೆ ಇದರಿಂದ ಏನಾಗುತ್ತಿದೆ ಅಂದರೆ, "ರೆಕಾರ್ಡಿಂಗ್ ಇದೆಯಲ್ಲ, ಆಮೇಲೆ ನೋಡಿದರಾಯ್ತು" ಅನ್ನುವುದು ಅಭ್ಯಾಸವಾಗಿದೆ. ಪರೀಕ್ಷೆಗೆ ಒಂದು ವಾರ ಇರುವಾಗ ಎಲ್ಲಾ ವಿಡಿಯೋಗಳನ್ನು ಎರಡು ಪಟ್ಟು ವೇಗದಲ್ಲಿ ಓಡಿಸುತ್ತಾರೆ. ವೇಗದ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ತೊಂದರೆ ಬೇರೆ ಇದೆ. ಎರಡನೇ ಸಲ ನೋಡುವಾಗ ಎಲ್ಲವೂ ಪರಿಚಿತ ಅನ್ನಿಸುತ್ತದೆ, ಮುಂದೆ ಸರ್ ಏನು ಹೇಳುತ್ತಾರೆ ಅಂತಲೂ ಗೊತ್ತಿರುತ್ತದೆ, ಆ ಪರಿಚಯವನ್ನೇ ಮನಸ್ಸು ತಿಳಿವಳಿಕೆ ಅಂತ ನಂಬಿಬಿಡುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಪಾಠ ಓದಿಸಿದರು. ಕೆಲವರು ಅದನ್ನೇ ಮತ್ತೆ ಓದಿದರು, ಉಳಿದವರು ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದರೆ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಮಾಡಿದರೆ ಪುಸ್ತಕ ಮುಚ್ಚಿ ಬರೆದವರು ಮುಂದು. ವಿಡಿಯೋ ನೋಡುವುದು ಅಂದರೆ ಮತ್ತೆ ಓದಿದ ಹಾಗೆಯೇ ತಾನೇ? ಮುಚ್ಚಿ ಬರೆಯುವ ಕೆಲಸ ಯಾರು ಮಾಡಿಸುತ್ತಿದ್ದಾರೆ?

ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ ಅನ್ನುವುದನ್ನೂ ಹೇಳಬೇಕು. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ 2020ರಲ್ಲಿ ಅರ್ಥಶಾಸ್ತ್ರ ಕಲಿಯುವವರನ್ನು ಚೀಟಿ ಎತ್ತಿದ ಹಾಗೆ ಎರಡು ಭಾಗ ಮಾಡಿ, ಕೆಲವರಿಗೆ ಕ್ಲಾಸ್‌ರೂಮಿನಲ್ಲಿ, ಕೆಲವರಿಗೆ ಆನ್‌ಲೈನ್‌ನಲ್ಲಿ ಪಾಠ ಮಾಡಿದರು. ಆನ್‌ಲೈನ್‌ನವರಿಗೆ ಅಂಕ ಕಡಿಮೆ ಬಂತು. ಮೊದಲೇ ಓದಿನಲ್ಲಿ ಹಿಂದೆ ಇದ್ದವರಿಗೆ ನಷ್ಟ ಜಾಸ್ತಿ. ಚೆನ್ನಾಗಿ ಓದುವ ಹುಡುಗಿ ಹೇಗಿದ್ದರೂ ದಡ ಸೇರುತ್ತಾಳೆ. ಯಾರಿಗೆ ನಮ್ಮ ಆಸರೆ ಜಾಸ್ತಿ ಬೇಕೋ ಅವರನ್ನೇ ಕೈಬಿಡುವ ವ್ಯವಸ್ಥೆ ಇದು ಅನ್ನಿಸಿದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಹಾಗಂತ ರೆಕಾರ್ಡಿಂಗೇ ಬೇಡ ಅನ್ನುವವನಲ್ಲ ನಾನು. ಪಾಠದ ಭಾಷೆ ಇನ್ನೂ ಕೈಗೆ ಹತ್ತದ ಒಬ್ಬ ಹುಡುಗ ಪ್ರತಿ ವಿಡಿಯೋವನ್ನೂ ನಿಲ್ಲಿಸಿ ನಿಲ್ಲಿಸಿ ಮೂರು ಸಲ ನೋಡುತ್ತಿದ್ದ. ಒಂದು ದಿನ ನೋಟ್‌ಬುಕ್ ತೋರಿಸಿದ. ಅಂಚಿನಲ್ಲಿ ಪೆನ್ಸಿಲ್‌ನಿಂದ ನಿಮಿಷ, ಸೆಕೆಂಡು ಬರೆದಿದ್ದ, ಎಲ್ಲಿ ಅರ್ಥ ಆಗಲಿಲ್ಲವೋ ಅಲ್ಲೆಲ್ಲ. ಕ್ಲಾಸಿನಲ್ಲಿ ಅವನು ಒಂದು ಸಲವೂ ಬಾಯಿ ಬಿಟ್ಟವನಲ್ಲ. ಕೆಲಸ ಮಾಡಿಕೊಂಡು ಓದುವವರು, ಹುಷಾರಿಲ್ಲದೆ ಮಲಗಿದವರು, ಇವರಿಗೆಲ್ಲ ರೆಕಾರ್ಡಿಂಗ್ ಬೇಕೇ ಬೇಕು.

ವಿಡಿಯೋ ಚಿಕ್ಕದು ಮಾಡಿ ಅನ್ನುವ ಸಲಹೆ ಎಲ್ಲಾ ಕಡೆ ಕೇಳಿಬರುತ್ತದೆ. ಎಡೆಕ್ಸ್ ಅನ್ನುವ ಆನ್‌ಲೈನ್ ಕಲಿಕಾ ತಾಣದ ಕೋರ್ಸ್‌ಗಳ ಲಕ್ಷಾಂತರ ವೀಕ್ಷಣೆಗಳನ್ನು ತೆಗೆದುಕೊಂಡು 2014ರಲ್ಲಿ ನೋಡಿದಾಗ, ವಿಡಿಯೋ ಎಷ್ಟೇ ಉದ್ದ ಇದ್ದರೂ ಜನ ಸಾಮಾನ್ಯವಾಗಿ ನೋಡುವುದು ಹೆಚ್ಚೆಂದರೆ ಆರು ನಿಮಿಷದ ಆಸುಪಾಸು ಅಂತ ಕಂಡುಬಂತು. ಸರಿ. ಆದರೆ ಕಷ್ಟದ ವಿಷಯವನ್ನು ಸುಮ್ನೆ ತುಂಡು ಮಾಡಿದರೆ ಅದು ಸುಲಭ ಆಗುವುದಿಲ್ಲ. ತುಂಡಿಗೂ ತುಂಡಿಗೂ ನಡುವೆ ವಿದ್ಯಾರ್ಥಿ ಏನು ಮಾಡುತ್ತಾನೆ ಅನ್ನುವುದು ಮುಖ್ಯ. ಶ್ಪುನಾರ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು 2013ರಲ್ಲಿ 21 ನಿಮಿಷದ ಒಂದು ವಿಡಿಯೋ ಪಾಠವನ್ನು ನಾಲ್ಕು ಭಾಗ ಮಾಡಿ, ಪ್ರತಿ ಭಾಗದ ನಂತರ ಕೆಲವರಿಗೆ ಸಣ್ಣ ಟೆಸ್ಟ್ ಕೊಟ್ಟರು. ಅವರ ಮನಸ್ಸು ಅಲ್ಲಿ ಇಲ್ಲಿ ಅಲೆಯುವುದು ಸುಮಾರು ಅರ್ಧಕ್ಕೆ ಇಳಿಯಿತು, ನೋಟ್ಸ್ ಜಾಸ್ತಿ ಬರೆದರು, ಕೊನೆಯ ಪರೀಕ್ಷೆಯಲ್ಲೂ ಚೆನ್ನಾಗಿ ಮಾಡಿದರು. ಆ ಪಾಠ ಕೂಡ ಸ್ಟ್ಯಾಟಿಸ್ಟಿಕ್ಸ್‌ನದೇ, ಅದನ್ನು ಓದಿದ ದಿನ ನನಗೆ ನಿಜಕ್ಕೂ ಖುಷಿಯಾಗಿತ್ತು.

ಈಗ ನಾನು ಹಾಗೇ ಮಾಡುತ್ತಿದ್ದೇನೆ. ಹತ್ತು ನಿಮಿಷ ಮಾತಾಡಿ ನಿಲ್ಲಿಸುತ್ತೇನೆ. ಸ್ಲೈಡ್ ತೆಗೆದುಬಿಡುತ್ತೇನೆ. ಒಂದು ಪ್ರಶ್ನೆ, ಮೂರು ನಿಮಿಷ, ಕೈಯಲ್ಲಿ ಬರೆದು ಫೋಟೋ ಕಳಿಸಬೇಕು. ತಪ್ಪಾದರೆ ಅಂಕ ಕಳೆಯುವುದಿಲ್ಲ. ಕ್ಯಾಮೆರಾ ಆನ್ ಮಾಡಿ ಅಂತ ಒತ್ತಾಯವೂ ಮಾಡುವುದಿಲ್ಲ, ಒಂದೇ ಕೋಣೆಯಲ್ಲಿ ನಾಲ್ಕು ಜನ ಇರುವ ಮನೆಗಳಿರುತ್ತವೆ. ಸಿಲಬಸ್ ನಿಧಾನ ಆಗುತ್ತದೆ, ಹೌದು. ವಿಡಿಯೋ ಎಷ್ಟು ಜನ ತೆರೆದರು ಅನ್ನುವ ಲೆಕ್ಕವನ್ನೇ ಹಾಜರಿ ಅಂತ ಕೇಳುವವರಿಗೆ ಇದನ್ನು ವಿವರಿಸಿ ವಿವರಿಸಿ ಸಾಕಾಗಿದೆ, ಆದರೂ ವಿವರಿಸುತ್ತೇನೆ.

ಮೊನ್ನೆ ಎನ್ ಮೈನಸ್ 1ರ ಪಾಠ ಮತ್ತೆ ಬಂತು. ಬಂದ ಫೋಟೋಗಳಲ್ಲಿ ಒಂದರಲ್ಲಿ ಉತ್ತರ ಅರ್ಧಕ್ಕೇ ನಿಂತಿತ್ತು. ಎರಡು ಸಾಲು ಬರೆದು, ಹೊಡೆದುಹಾಕಿ, ಕೆಳಗೆ "ಸರ್ ಇಲ್ಲಿಂದ ಮುಂದೆ ಗೊತ್ತಾಗ್ತಿಲ್ಲ" ಅಂತ ಬರೆದು ಬಾಣದ ಗುರುತು ಹಾಕಿದ್ದಳು. ಸ್ಲೈಡ್ ಹಿಂದಕ್ಕೆ ತಂದು ಐದು ಸಂಖ್ಯೆ ಬರೆದೆ.